ಗಂಟಲ ಬಳಿ ರೇಜರ್

ಬೀದಿಯ ತಿರುವಿನಲ್ಲಿ ಎರಡು ಕುರ್ಚಿಯ ಕಟಿಂಗ್ ಶಾಪ್. ಅದರ ಮಾಲೀಕನಿಗೆ ಜನ ಇಟ್ಟ ಹೆಸರು ಕತ್ತರಿ ಕವಿ. ಎಂಟು ವರ್ಷದಿಂದ ತಪ್ಪದೆ ಒಂದು ಪತ್ರಿಕೆಯ ಕವನ ಸ್ಪರ್ಧೆಗೆ ಕವನ ಕಳಿಸುತ್ತಿದ್ದ. ನಾಲ್ಕು ಸಲ ಸಮಾಧಾನಕರ ಬಹುಮಾನ, ಎರಡು ಸಲ ಮೂರನೆಯದು, ಉಳಿದೆರಡು ಸಲ ಸುದ್ದಿಯೇ ಇಲ್ಲ. ಸಮಾಧಾನಕರ ಬಹುಮಾನ ಪಡೆದು ಸಮಾಧಾನಪಟ್ಟವರನ್ನು ಈ ಭೂಮಿಯ ಮೇಲೆ ಯಾರೂ ಕಂಡಂತಿಲ್ಲ.

ಬರೆದದ್ದನ್ನು ಅವನು ಮೊದಲು ಗಿರಾಕಿಗಳ ಮೇಲೆ ಪ್ರಯೋಗಿಸುತ್ತಿದ್ದ. ಗಲ್ಲಕ್ಕೆ ನೊರೆ ಹಚ್ಚಿ, ತಲೆ ಹಿಂದಕ್ಕೆ ವಾಲಿಸಿ, ಗಂಟಲ ಬಳಿ ರೇಜರ್ ಇಟ್ಟು ಮೊದಲ ಸಾಲು ಶುರು. ಕ್ಷೌರ ಮುಗಿಯುವುದಕ್ಕೂ ಕವನ ಮುಗಿಯುವುದಕ್ಕೂ ಸರಿಹೋಗಬೇಕು. "ಹೇಗಿದೆ?" ಎಂದರೆ ಎಲ್ಲರದ್ದೂ ಒಂದೇ ಉತ್ತರ, ಭಾರಿ ಚೆನ್ನಾಗಿದೆ. ಅವನು ಉಬ್ಬಿಹೋಗುತ್ತಿದ್ದ.

ಒಂದು ದಿನ ಹೆಂಡತಿ ಸೊಪ್ಪು ಬಿಡಿಸುತ್ತಾ ಅಂದಳು, "ಅಲ್ಲ ರೀ, ಗಂಟಲ ಹತ್ರ ರೇಜರ್ ಹಿಡ್ಕೊಂಡು ಕೇಳಿದ್ರೆ ಚೆನ್ನಾಗಿಲ್ಲ ಅಂತ ಯಾರು ಹೇಳ್ತಾರೆ?"

ಮಾತು ಎದೆಗೆ ನಾಟಿತು. ಅಂದಿನಿಂದ ಅವನಿಗೆ ಮೊದಲ ಬಹುಮಾನವೇ ಬೇಕಾಯಿತು. ಅದು ಬಂದವರಿಗಷ್ಟೇ ವೇದಿಕೆಯ ಮೇಲೆ ಕವನ ಓದುವ ಅವಕಾಶ. ಬೇಕೆಂದರೆ ಎದ್ದು ಹೋಗಬಹುದಾದ ಜನ, ಎದ್ದು ಹೋಗದೆ ತನ್ನ ಕವನ ಕೇಳುವುದನ್ನು ಒಂದು ಸಲ ಕಣ್ಣಾರೆ ನೋಡಬೇಕು. ಅಷ್ಟೇ ಅವನ ಆಸೆ.

ಈ ವರ್ಷ ಅಂಗಡಿಯ ಹಳೇ ಕುರ್ಚಿಯ ಬಗ್ಗೆಯೇ ಕವನ ಬರೆದ. ನಲವತ್ತು ಸಾಲಾಯಿತು, ನಿಯಮ ಇಪ್ಪತ್ತನಾಲ್ಕು. ಹದಿನಾರು ಸಾಲು ಹೊಟ್ಟೆ ಉರಿಸಿಕೊಂಡೇ ತೆಗೆದು ಕಳಿಸಿದ.

ಎರಡು ತಿಂಗಳು ಕಳೆದವು. ಅಂದು ಬೆಳಿಗ್ಗೆ ಕುರ್ಚಿಯಲ್ಲಿದ್ದವನು ಎದುರಿನ ನಿಲ್ದಾಣದ ಬಸ್ ಡ್ರೈವರ್. ಬಲು ಮಿತಭಾಷಿ, ಸದಾ ಅವಸರ, ಟವೆಲ್ ತೆಗೆಯುವ ಮೊದಲೇ ಏಳುವ ಆಸಾಮಿ. ಕ್ಷೌರ ಮಾಡುತ್ತಾ ಅದೇ ಕವನ ಹೇಳುತ್ತಿದ್ದ ಕವಿ, ಕುರ್ಚಿಯ ಕಾಲು ಮುರಿಯುವ ಸಾಲಿಗೆ ಬಂದಾಗ ಅಂಚೆಯವನು ಪತ್ರಿಕೆಯ ಲಕೋಟೆ ಕೊಟ್ಟುಹೋದ. ಕವಿ ಕೈ ಒರೆಸಿಕೊಂಡು ಬಿಡಿಸಿದ. ಅರ್ಧ ಅಂಕದಿಂದ ಮೊದಲನೆಯದು ತಪ್ಪಿ ಎರಡನೇ ಸ್ಥಾನ.

"ಏನಂತೆ?" ಡ್ರೈವರ್ ಕನ್ನಡಿಯಲ್ಲೇ ಕೇಳಿದ.

"ಅರ್ಧ ಅಂಕ ಕಮ್ಮಿ ಆಯ್ತಂತೆ."

"ಅರ್ಧ ಅಂದ್ರೆ ಎಷ್ಟು?"

"ಒಂದು ಅಲ್ಪವಿರಾಮದಷ್ಟು ಇರ್ಬೇಕು," ಅಂದು ಕವಿ ನಕ್ಕ. ನಗು ಗಲ್ಲದಿಂದ ಮೇಲೆ ಹತ್ತಲಿಲ್ಲ. ಕಣ್ಣು ತುಂಬಿ ಬಂತು. ಕವನವನ್ನು ಅಲ್ಲಿಗೇ ಬಿಟ್ಟು ಉಳಿದ ಕ್ಷೌರ ಮುಗಿಸಿ, ರೇಜರ್ ತೊಳೆದು ಮಡಚಿಟ್ಟ.

ಡ್ರೈವರ್ ಹೊಸ್ತಿಲು ದಾಟಿದ. ನಾಲ್ಕು ಹೆಜ್ಜೆ ಹೋದವನು ತಿರುಗಿ ಬಂದು, ಕಾಯುವವರ ಬೆಂಚಿನ ಮೇಲೆ ಕೂತ.

"ಕುರ್ಚಿ ಕಾಲು ಮುರೀತು ಅಂದ್ರಲ್ಲ, ಆಮೇಲೇನಾಯ್ತು?"

"ನಿಮ್ ಬಸ್ಸು?"

"ನಾನಿಲ್ದೆ ಅದೆಲ್ಲಿಗೆ ಹೋಗತ್ತೆ? ಓದಿ."

ಬರಿಗೈಯಲ್ಲಿ ನಿಂತು ಕವನ ಓದಿ ಅವನಿಗೆ ರೂಢಿಯೇ ಇರಲಿಲ್ಲ. ಒದ್ದೆ ಟವೆಲ್ ಹಿಡಿದುಕೊಂಡು, ತೆಗೆದು ಹಾಕಿದ್ದ ಹದಿನಾರು ಸಾಲನ್ನೂ ಸೇರಿಸಿ ಓದಿದ. ಎದುರು ಬಸ್ಸಿನ ಪ್ರಯಾಣಿಕರು ಕಿಟಕಿಯಿಂದ ತಲೆ ಹೊರಹಾಕಿ ಗೊಣಗುತ್ತಿದ್ದರು. ಡ್ರೈವರ್ ಅಲುಗಾಡಲಿಲ್ಲ.

"ಮಧ್ಯದಲ್ಲಿ ಸ್ವಲ್ಪ ಎಳೀತು," ಅಂದ ಕೊನೆಗೆ. "ಆದ್ರೆ ಆ ಕುರ್ಚಿನ ಗುಜರಿಗೆ ಹಾಕ್ಲಿಲ್ವಲ್ಲ, ಜೀವಕ್ಕೆ ಹಿತ ಆಯ್ತು." ಎದ್ದು ಬಸ್ಸಿನತ್ತ ಓಡಿದ.

ಮಧ್ಯಾಹ್ನ ಊಟಕ್ಕೆ ಬಂದ ಗಂಡನ ಮುಖ ಅರಳಿದ್ದು ಕಂಡು ಹೆಂಡತಿ, "ಮೊದಲನೇದು ಬಂತಾ?" ಎಂದಳು.

"ಇಲ್ಲ, ಎರಡನೇದು. ಆದ್ರೆ ಡ್ರೈವರ್ ಪೂರ್ತಿ ಕೇಳಿ, ಮಧ್ಯದಲ್ಲಿ ಎಳೀತು ಅಂದ."

"ಅದಕ್ಕೆ ಇಷ್ಟೊಂದು ಖುಷಿನಾ?"

"ರೇಜರ್ ಮಡಚಿಟ್ಟಿದ್ದೆ ಕಣೇ," ಅಂದ ಕವಿ.