ಮುಗಿಯದ ಕಡೆಯ ಚರಣ

ನಮ್ಮ ಪುಣೆಯ ಕನ್ನಡ ಕ್ರೈಸ್ತ ಸಭೆಯಲ್ಲಿ ಒಂದು ಪದ್ಧತಿ ಇತ್ತು. ತಿಂಗಳ ಮೊದಲ ಭಾನುವಾರ, ಆರಾಧನೆಯ ಕೊನೆಯ ಕೀರ್ತನೆಯ ಕಡೆಯ ಚರಣ ಬಂತೆಂದರೆ ಹೆಂಗಸರೆಲ್ಲ ಹಾಡುತ್ತ ಹಾಡುತ್ತಲೇ ಚಾಪೆಯಿಂದ ಎದ್ದು, ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು, ಎಡಗಡೆಯ ಸಣ್ಣ ಬಾಗಿಲಿನಿಂದ ಹೊರಗೆ ಹೋಗಬೇಕು. ಹಾಡು ನಿಂತ ಮೇಲೆ ಬೆಂಚಿನಲ್ಲಿದ್ದ ಗಂಡಸರು ಕೂಟ ನಡೆಸುತ್ತಿದ್ದರು. ಯಾರ ಮಗಳನ್ನು ಶಾಲೆ ಬಿಡಿಸಬೇಕು, ಯಾರಿಗೆ ಕರ್ತನ ಭೋಜನದ ದ್ರಾಕ್ಷಾರಸ ಕೊಡಬಾರದು, ಹೊಡೆತ ತಿಂದು ಬಂದ ಯಾವ ಹೆಂಡತಿ ಗಂಡನ ಮನೆಗೆ ತಿರುಗಿ ಹೋಗಬೇಕು, ಎಲ್ಲ ಅಲ್ಲೇ ತೀರ್ಮಾನ. ನಾವು ಮನೆಯಲ್ಲಿ ರೊಟ್ಟಿ ಬಡಿಯುತ್ತ ಕಾಯುತ್ತಿದ್ದೆವು. ಯಾರು ಹಾಕಿದ ಪದ್ಧತಿ ಎಂದು ಕೇಳಿದರೆ, ಮಿಶನರಿ ದೊರೆಗಳ ಕಾಲದಿಂದ ಬಂದದ್ದು ಅನ್ನುತ್ತಿದ್ದರು.

ಈ ಪದ್ಧತಿಯನ್ನು ಕಂಡರೆ ಆಗದವಳು ಸಾವಂತ್ರವ್ವ. ಬೆಟಗೇರಿಯ ನೇಕಾರರ ಮಗಳು. ದೀಕ್ಷಾಸ್ನಾನದಲ್ಲಿ ಸಲೋಮಿ ಎಂದು ಹೆಸರಿಟ್ಟಿದ್ದರು, ಹಾಗೆ ಕರೆದರೆ ಓಗೊಡುತ್ತಿರಲಿಲ್ಲ. "ಆ ನೀರು ನನ್ನ ಹಳೇ ಹೆಸರಿನ ಮ್ಯಾಲೂ ಬಿದ್ದಾವು, ಅದೂ ಶುದ್ಧ ಆಗ್ಯಾದ" ಅನ್ನುತ್ತಿದ್ದಳು. ಗಂಡ ಖಡಕಿಯ ಕಾರ್ಖಾನೆ ಸೇರಿದಾಗ ಈ ಊರಿಗೆ ಬಂದವಳು, ದಂಡಿನ ಕ್ಯಾಂಪಿನ ಮನೆಮನೆ ತಿರುಗಿ ಹಳೆ ಸೀರೆಗಳ ಕೌದಿ ಹೊಲಿದುಕೊಡುತ್ತಿದ್ದಳು. ಕುಪ್ಪಸಕ್ಕೆ ಸದಾ ಒಂದು ಸೂಜಿ. ಕೂತಲ್ಲಿ ಕೂರುವ ಜೀವ ಅಲ್ಲ. ಪಾದ್ರಿಯ ಪ್ರಸಂಗ ಉದ್ದವಾದರೆ ಬಲಗಾಲಿನ ಹೆಬ್ಬೆರಳು ಚಾಪೆಯ ಕಡ್ಡಿ ಕೀಳುತ್ತಿತ್ತು. ಅವಳು ಕೂರುವ ಜಾಗದಲ್ಲಿ ಚಾಪೆಗೆ ತೂತೇ ಬಿದ್ದಿತ್ತು.

ಹೆಂಗಸರು ಏನಾದರೂ ಹೇಳಬೇಕಾದರೆ ಗಂಡನ ಬಾಯಿಂದ ಹೇಳಿಸಬೇಕು. ಬಾಣಂತಿಯರ ಹತ್ತಿರ ಹೋಗಿ ಪ್ರಾರ್ಥನೆ ಮಾಡಲು ಒಬ್ಬ ಹೆಂಗಸನ್ನು ನೇಮಿಸಿರಿ ಎಂದು ಅವಳು ಒಮ್ಮೆ ಹೇಳಿ ಕಳಿಸಿದರೆ, ಅವಳ ಗಂಡ ಕೂಟದಲ್ಲಿ ಎದ್ದು ನಿಂತು ಚಾಪೆ ಹರಿದಿದೆ ಎಂದಷ್ಟೇ ಹೇಳಿ ಬಂದಿದ್ದ. "ಗೋದಿ ಕೊಟ್ಟು ಕಳಸಿದರ ಹೊಟ್ಟು ಬೀಸಿಕೊಂಡು ಬಂದ ನೋಡು" ಎಂದು ಬಾವಿಕಟ್ಟೆಯಲ್ಲಿ ನಗುತ್ತ ಹೇಳಿದ್ದಳು. ನಗುವಾಗಲೂ ಕಾಲು ಅಲ್ಲಾಡುತ್ತಲೇ ಇತ್ತು.

ಗಂಡನೇ ಇಲ್ಲದವಳಿಗೆ ಆ ಬಾಯಿಯೂ ಇಲ್ಲ. ಇದು ನನಗೆ ಗೊತ್ತಾದದ್ದು ಇನ್‌ಫ್ಲುಯೆಂಜಾ ಬಂದ ವರ್ಷ. ನನ್ನ ಯಜಮಾನರು ರಾಘಣ್ಣ ದೇವಾಲಯದ ಗಂಟೆ ಹೊಡೆದು, ಕಸ ಗುಡಿಸಿ, ಹಿಂದಿನ ಕೋಣೆಯಲ್ಲಿ ನಮ್ಮನ್ನು ಇಟ್ಟುಕೊಂಡಿದ್ದರು. ಆ ಜ್ವರದಲ್ಲಿ ಹೋದರು. ಉಳಿದವರು ನಾನು, ಮತ್ತು ಹಾಲುಹಲ್ಲು ಬೀಳುವ ವಯಸ್ಸಿನ ಮಗಳು ಇಂದೂ.

ಸಭೆಯ ಹಿರಿಯರಲ್ಲಿ ರಾಮಲಿಂಗಪ್ಪನವರು ಎಂದು ಒಬ್ಬರಿದ್ದರು, ಮಿಲಿಟರಿ ಆಫೀಸಿನ ಗುಮಾಸ್ತರು. ಅವರೇ ಎಲ್ಲ ಯೋಚಿಸಿ ಇಟ್ಟಿದ್ದರು. ನನ್ನನ್ನು ಹೆಂಡತಿ ಸತ್ತ ಪಂಢರಿನಾಥನಿಗೆ ಮದುವೆ ಮಾಡಿ ಕೊಡುವುದು, ಇಂದೂಳನ್ನು ಬೆಳಗಾವಿಯ ಬೋರ್ಡಿಂಗಿಗೆ ಹಾಕುವುದು, ಕೋಣೆಯನ್ನು ಹೊಸ ಗಂಟೆಯವನಿಗೆ ಕೊಡುವುದು. ಕೂಟದಲ್ಲಿ ಕೈ ಎತ್ತಿಸುವುದೊಂದೇ ಬಾಕಿ. ಇದನ್ನು ಕೇಳಿದ ಮೇಲೆ ನಾನು ಇಂದೂಳ ಜಡೆ ಹೆಣೆದು, ಬಿಚ್ಚಿ, ಮತ್ತೆ ಹೆಣೆಯುತ್ತಿದ್ದೆ. ಒಲೆಯ ಮೇಲೆ ಇಟ್ಟದ್ದು ಸೀದು ಹೋಗುತ್ತಿತ್ತು.

ಸಾವಂತ್ರವ್ವ ಬಂದು ಹೊಸ್ತಿಲಲ್ಲೇ ನಿಂತಳು.

"ಗೋದಾ, ನಿನಗ ಆ ಪಂಢರಿನಾಥ ಬೇಕೇನ?"

"ಬ್ಯಾಡ್ರಿ ಕಾಕೂ. ಕೂಸಿನ್ನ ಬಿಟ್ಟು ನಾ ಹ್ಯಾಂಗ ಇರಲಿ?"

"ಹಂಗಾರ ಈ ಐತವಾರ ಕಡೇ ಚರಣಕ್ಕ ಏಳಬ್ಯಾಡ."

"ಹಾಡು ಮುಗದ ಮ್ಯಾಲ ಎಬ್ಬಿಸಿ ಕಳಸ್ತಾರಲ್ರಿ."

"ಮುಗದರ ಹೌದಲ್ಲ" ಎಂದು ಹೊರಟೇ ಹೋದಳು.

ಆ ವಾರವೆಲ್ಲ, ಹರಿಯದ ಕೌದಿಗೂ ಹೊಲಿಗೆ ಹಾಕುತ್ತೇನೆಂದು ಅವಳು ಮನೆಮನೆ ಹೊಕ್ಕಳು. ಒಳಗೆ ಏನು ಹೇಳಿದಳೋ ನನಗೆ ಹೇಳಲಿಲ್ಲ.

ಭಾನುವಾರ ಕಡೆಯ ಚರಣ ಬಂತು. ಯಾರೂ ಏಳಲಿಲ್ಲ. ಚರಣ ಮುಗಿದು ಗಂಡಸರ ದನಿ ನಿಂತಿತು. ಸಾವಂತ್ರವ್ವ ಅದೇ ಚರಣವನ್ನು ಮೊದಲಿನಿಂದ ಎತ್ತಿಕೊಂಡಳು, ಹೆಂಗಸರೆಲ್ಲ ಕೂಡಿಕೊಂಡರು. ಮುಗಿಯಿತು, ಮತ್ತೆ ಎತ್ತಿಕೊಂಡಳು. ದೇವರ ಹಾಡನ್ನು ನಡುವೆ ತಡೆಯುವ ಧೈರ್ಯ ಯಾರಿಗೂ ಇಲ್ಲ. ಹಾಡಿಗೆಂದು ಎದ್ದ ಗಂಡಸರು ನಿಂತೇ ಇದ್ದಾರೆ. ಒಬ್ಬರು ಕೆಮ್ಮಿದರು, ಒಬ್ಬರು ಕಾಲು ಬದಲಿಸಿದರು. ಮನೆಯಲ್ಲಿ ಅಡುಗೆ ಮಾಡಬೇಕಾದವರೆಲ್ಲ ಇಲ್ಲೇ ಕೂತಿದ್ದರು, ಅದೂ ಅವರಿಗೆ ನೆನಪಾಗಿರಬೇಕು. 

ಕಡೆಗೆ ನಾವು ಉಸಿರು ತೆಗೆದುಕೊಳ್ಳುವ ಸಂದಿಯಲ್ಲಿ ಪಾದ್ರಿ ಲೋಕನಾಥ ಅಯ್ಯನವರು ಕೈ ಎತ್ತಿದರು. ಗಂಡಸರು ಬೆಂಚಿಗೆ ಕೂತರು.

"ಸಾವಂತ್ರವ್ವಾ, ದೇವರಿಗೆ ಕೇಳಿಸ್ತವಾ."

"ದೇವರಿಗೆ ಮೊದಲನೇ ಸರತಿಗೇ ಕೇಳಿಸ್ಯಾದ್ರಿ ಅಯ್ಯಾರ. ಸಭೆಗೆ ಕೇಳಿಸಲಿ ಅಂತ ಹಾಡಾಕತ್ತೇವಿ."

ರಾಮಲಿಂಗಪ್ಪನವರು ಸತ್ಯವೇದ ಎತ್ತಿ ಹಿಡಿದರು. "ಸ್ತ್ರೀಯರು ಸಭೆಯೊಳಗ ಮೌನವಾಗಿರಬೇಕು ಅಂತ ಪೌಲ ಬರದಾನ."

"ನಿಮ್ಮ ಹಾಡು ಕೇಳಿದ್ದರ ಪೌಲ ಗಂಡಸರಿಗೂ ಅದನ್ನೇ ಬರೀತಿದ್ದ ನೋಡ್ರಿ" ಎಂದಳು. ಬೆಂಚಿನ ಕಡೆಯಿಂದಲೇ ಯಾರೋ ನಕ್ಕರು. "ನಾವೇನು ಮಾತಾಡಾಕ ಕುಂತಿಲ್ರಿ. ಈ ಗೋದಾನ್ನ ಒಂದು ಮಾತು ಕೇಳ್ರಿ. ದನಾ ಮಾರುವಾಗೂ ಹಲ್ಲರ ನೋಡ್ತಾರ, ಇಕಿ ಮುಖಾ ನೋಡಿದವರು ಯಾರು?"

ಅಯ್ಯನವರು ನನ್ನ ಕಡೆ ತಿರುಗಿದರು. "ಗೋದಾಬಾಯಿ, ಏನಂತೀರವಾ?" ಎಂದರು. ಆ ದೇವಾಲಯದಲ್ಲಿ ನನ್ನನ್ನು ಯಾರಾದರೂ ಏನನ್ನಾದರೂ ಕೇಳಿದ್ದು ಅದೇ ಮೊದಲು. ಎದ್ದು ನಿಂತೆ.

"ನನಗ ಮದುವಿ ಬ್ಯಾಡ್ರಿ. ಕೂಸು ನನ್ನ ಕಡೆನ ಇರಲಿ. ಗಂಟಿ ನಾನ ಹೊಡಿತೇನ್ರಿ."

"ಹೆಂಗಸು ಗಂಟಿ ಹೊಡದರ ಊರು ನಗತದ" ಎಂದರು ರಾಮಲಿಂಗಪ್ಪನವರು.

"ಅವರು ಹಾಸಿಗಿ ಹಿಡದಾಗಿಂದ ನಾನ ಹೊಡ್ಯಾಕತ್ತೇನ್ರಿ. ಊರು ನಕ್ಕಿಲ್ಲ."

ಆಗ ಹಿಂದಿನ ಬೆಂಚಿನಿಂದ ಪಂಢರಿನಾಥ ಮೆಲ್ಲಗೆ ಎದ್ದ. "ನನ್ನನ್ನೂ ಯಾರೂ ಕೇಳಿಲ್ರಿ" ಎಂದು ಕೂತುಬಿಟ್ಟ.

ಬೇರೆ ಗಂಟೆಯವನು ಸಿಗುವ ತನಕ ಕೋಣೆ ನನಗಿರಲಿ ಎಂದು ತೀರ್ಮಾನವಾಯಿತು. ಆ ಬೇರೆಯವನು ಇವತ್ತಿಗೂ ಸಿಕ್ಕಿಲ್ಲ.

ನಾನು ನೆಮ್ಮದಿಯಿಂದ ಅತ್ತೆ. ಸಾವಂತ್ರವ್ವನಿಗೆ ನೆಮ್ಮದಿ ಎಲ್ಲಿಯದು? ಗಂಡಸರೂ ದಡ್ಡರಲ್ಲ. ಮುಂದಿನ ತಿಂಗಳು ಕೀರ್ತನೆಗಳನ್ನೆಲ್ಲ ಪ್ರಸಂಗಕ್ಕೆ ಮೊದಲೇ ಮುಗಿಸಿ, ಕೊನೆಗೆ ಬರೀ ಪ್ರಾರ್ಥನೆ ಇಟ್ಟರು. ಆಮೆನ್ ಎಂದೊಡನೆ ಹೆಂಗಸರು ಹೊರಡಬೇಕಂತೆ. ಸಾವಂತ್ರವ್ವ ಕಣ್ಣು ತೆರೆಯಲೇ ಇಲ್ಲ. ಪ್ರಾರ್ಥನೆಯಲ್ಲಿರುವವಳನ್ನು ಎಬ್ಬಿಸುವವರು ಯಾರು? ಹೀಗೇ ಎಳೆದಾಡಿ, ಕಡೆಗೆ ಹೆಂಗಸರು ಕೂತಿರಲಿ ಅಂದರು. ಬಾಣಂತಿಯರ ಪ್ರಾರ್ಥನೆಗೆ ಒಬ್ಬಳನ್ನು ನೇಮಿಸಿದರು. ತೀರ್ಮಾನಕ್ಕೆ ಕೈ ಎತ್ತುವುದು ಮಾತ್ರ ಕೂಡದು ಅಂದರು. ಅದಕ್ಕಾಗಿ ಸಾವಂತ್ರವ್ವ ಮಂಡಿ ನೋವಾದ ಮೇಲೂ ಯೆರವಡಾದಲ್ಲಿದ್ದ ಮಗಳ ಮನೆಯಿಂದ ಸೇತುವೆ ದಾಟಿ ಪ್ರತಿ ಕೂಟಕ್ಕೂ ನಡೆದು ಬರುತ್ತಿದ್ದಳು. "ಕುಂತದ್ದಾತು, ಈಗ ಕೈ ಎತ್ತೂದು" ಎಂದು ಒಳಗೆ ಬರುವಾಗಲೇ ಹೇಳಿಕೊಂಡು ಬರುತ್ತಿದ್ದಳು.

ಕೈ ಎತ್ತಬಹುದೆಂದು ಆದದ್ದು ಹೋದ ವರ್ಷ. ಅದಕ್ಕೆ ಮುಂಚಿನ ಚಳಿಗಾಲದಲ್ಲೇ ಅವಳು ತೀರಿಕೊಂಡಿದ್ದಳು.

ಗಂಟೆಯ ಹಗ್ಗ ಎಳೆದು ಎಳೆದು ನನ್ನ ಬಲ ಭುಜ ಇಳಿದಿದೆ. ಈಗ ನಮಗೂ ಬೆಂಚು. ಆದರೆ ಕಡೆಯ ಚರಣ ಬಂತೆಂದರೆ ನನ್ನ ಕಾಲು ತಾನಾಗಿ ಎಡಬಾಗಿಲ ಕಡೆ ಹೊರಳುತ್ತದೆ. ಪಕ್ಕದಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತ ಇಂದೂ ನನ್ನ ಸೆರಗು ಜಗ್ಗಿ, "ಅವ್ವಾ, ಎಲ್ಲಿ ಹೊಂಟಿ? ಕುಂದರು" ಅನ್ನುತ್ತಾಳೆ. ಕೂರುತ್ತೇನೆ. ಹೆಬ್ಬೆರಳು ಮಾತ್ರ ಸುಮ್ಮನಿರುವುದಿಲ್ಲ, ಕಾಲಡಿಯಲ್ಲಿ ಇಲ್ಲದ ಚಾಪೆಯನ್ನು ಕೀಳುತ್ತಿರುತ್ತದೆ.