ಎಡಗೈಯ ಏಳು ವರ್ಷ

ಬೇಬಿ ತುಂಗಾ ಎಂದರೆ ಈಗ ಯಾರಿಗೂ ನೆನಪಿರಲಿಕ್ಕಿಲ್ಲ. ಎಪ್ಪತ್ತರ ಆಚೀಚೆ ಮದ್ರಾಸಿನಲ್ಲಿ ತಯಾರಾದ ಚಿತ್ರಗಳಲ್ಲಿ ಅಮ್ಮನ ಮಂಚದ ಪಕ್ಕ ಕೂತು ದೇವರಿಗೆ ಮೊರೆಯಿಡುವ ಗುಂಡು ಮುಖದ ಮಗುವೊಂದು ನಿಮ್ಮ ಕಣ್ಣಲ್ಲಿ ನೀರು ತರಿಸಿದ್ದರೆ, ಅದು ಅವಳೇ ಇದ್ದೀತು. ನೀವು ಅತ್ತು, ಮೂಗು ಒರೆಸಿಕೊಂಡು ಮನೆಗೆ ಹೋಗಿರುತ್ತೀರಿ. ನಾನು ಅವಳ ಕೈಯ ಎಕ್ಸ್‌ರೇ ತೆಗೆದವನು.

ಅವಳ ಅಪ್ಪ ವಿಷ್ಣುಮೂರ್ತಿ ಉಡುಪಿ ಕಡೆಯವರು, ತ್ರಿಪ್ಲಿಕೇನಿನ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ನಾನು ಮೈಸೂರಿನವನು, ಹೆಸರು ವಿಶ್ವನಾಥ. ಕೋಡಂಬಾಕ್ಕಂನ ಖಾಸಗಿ ಕ್ಲಿನಿಕ್ಕೊಂದರಲ್ಲಿ ಎಕ್ಸ್‌ರೇ ಟೆಕ್ನೀಶಿಯನ್. ಎರಡೂ ಸಂಸಾರ ಒಂದೇ ವಠಾರದಲ್ಲಿದ್ದವು. ಅರುವತ್ತನಾಲ್ಕನೇ ಇಸವಿಯ ಜೂನ್ ತಿಂಗಳಲ್ಲಿ ಎಂಟು ದಿನದ ಅಂತರದಲ್ಲಿ ನನ್ನ ಮಗಳು ಸುಗುಣಾ, ಅವರ ಮಗಳು ತುಂಗಾ ಹುಟ್ಟಿದರು. ನಮ್ಮ ಮನೆಯ ತೊಟ್ಟಿಲಲ್ಲೇ ಅವಳಿಗೂ ಹೆಸರಿಟ್ಟರು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ತುಂಗಾಳ ವಯಸ್ಸು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಆರು ವರ್ಷದವಳಿದ್ದಾಗ ಬಾಬು ಎಂಬ ಪ್ರೊಡಕ್ಷನ್ ಮ್ಯಾನೇಜರ್ ಹೋಟೆಲಿಗೆ ಕಾಫಿಗೆ ಬಂದವನು, ಅಪ್ಪನ ಪಕ್ಕ ಸ್ಟೂಲಿನ ಮೇಲೆ ಕೂತಿದ್ದ ಅವಳನ್ನು ನೋಡಿದ. ವಯಸ್ಸೆಷ್ಟು ಎಂದು ಕೇಳಿದ್ದಕ್ಕೆ ಅವಳ ಅಮ್ಮ ವಿಮಲಾ ಐದು ಎಂದರು. ಚಿತ್ರರಂಗದಲ್ಲಿ ಅದೇನು ಮಹಾಪಾಪವಲ್ಲ. ಐವತ್ತು ದಾಟಿದವರು ಅಲ್ಲಿ ಕಾಲೇಜಿಗೆ ಹೋಗುತ್ತಿದ್ದರು. ಆದರೆ ಆಮೇಲೆ ವಿಮಲಾ ಮಗಳ ವಯಸ್ಸನ್ನು ಎರಡು ವರ್ಷಕ್ಕೊಮ್ಮೆ ಮಾತ್ರ ಹೆಚ್ಚಿಸತೊಡಗಿದರು. ನನ್ನ ಮಗಳಿಗೆ ಹತ್ತಾದಾಗ ಅವರ ಮಗಳಿಗೆ ಏಳು.

ವಿಚಿತ್ರವೆಂದರೆ ಹುಡುಗಿಯೂ ಅಮ್ಮನ ಲೆಕ್ಕದಂತೆಯೇ ಇದ್ದಳು. ಗಲ್ಲ ಊದಿಕೊಂಡು ಇನ್ನಷ್ಟು ಗುಂಡಗಾಯಿತು, ಎತ್ತರ ಮಾತ್ರ ನಿಂತೇ ಹೋಯಿತು. ಮೇ ತಿಂಗಳ ಮದ್ರಾಸಿನಲ್ಲಿ ನಾವೆಲ್ಲ ಬೀಸಣಿಗೆ ಹಿಡಿದು ಒದ್ದಾಡುವಾಗ ಅವಳು ಸ್ವೆಟರ್ ಕೇಳುತ್ತಿದ್ದಳು. ಸ್ಟುಡಿಯೋದ ದೊಡ್ಡ ದೀಪಗಳ ಕೆಳಗೆ ಬೆವರುವುದಿಲ್ಲ, ಮೇಕಪ್ಪು ಇಳಿಯುವುದಿಲ್ಲ, ಕೂರಿಸಿದಲ್ಲಿ ಕೂರುತ್ತಾಳೆ, ಎಂಥ ಅದ್ಭುತ ಮಗು ಎಂದು ನಿರ್ದೇಶಕರು ಹೊಗಳುತ್ತಿದ್ದರು. ಕಾಯಿಲೆಯನ್ನು ಹೊಗಳುತ್ತಿದ್ದೇವೆಂದು ಆ ಮುಠ್ಠಾಳರಿಗೆ ಗೊತ್ತಿರಲಿಲ್ಲ.

ಅನುಮಾನ ಬಂದದ್ದು ವಿಷ್ಣುಮೂರ್ತಿಗಳಿಗೆ. ಒಂದು ದಿನ ಬೆಳಿಗ್ಗೆ ಕೊಳಾಯಿಯ ಹತ್ತಿರ ನನ್ನನ್ನು ನಿಲ್ಲಿಸಿದರು.

“ವಿಶ್ವನಾಥರೇ, ನಿಮ್ಮ ಸುಗುಣನ ಹೆಗಲಿಗೆ ನಮ್ಮದು ಬರ್ತದಾ ನೋಡಿ. ಎರಡು ವರ್ಷದಿಂದ ಅದೇ ಲಂಗ ಹಾಕ್ತಾ ಉಂಟು ಮಾರಾಯ್ರೆ. ಇದು ಸರಿಯಾ?”

“ಕೈದೊಂದು ಎಕ್ಸ್‌ರೇ ತೆಗ್ಸೋಣ ಬಿಡಿ, ಗೊತ್ತಾಗತ್ತೆ” ಎಂದೆ. ನಾನೇ ಹೇಳಿದ ಉಪಾಯ ಅದು.

ಮಕ್ಕಳ ಎಡಗೈ ಮತ್ತು ಮಣಿಕಟ್ಟಿನ ಎಕ್ಸ್‌ರೇಯಲ್ಲಿ ಬೆಳವಣಿಗೆಯೆಲ್ಲ ಬಯಲಾಗುತ್ತದೆ. ಹುಟ್ಟಿದ ಕೂಸಿನ ಮಣಿಕಟ್ಟಿನಲ್ಲಿ ಸಣ್ಣ ಮೂಳೆಗಳು ಕಾಣುವುದೇ ಇಲ್ಲ. ವರ್ಷ ಕಳೆದಂತೆ ಒಂದೊಂದಾಗಿ ಬೆಣಚುಕಲ್ಲಿನ ಹಾಗೆ ಮೂಡುತ್ತವೆ. ಬೆರಳಿನ ಮೂಳೆಗಳ ತುದಿಯಲ್ಲಿ ಒಂದು ಕಪ್ಪು ಗೆರೆ ಇರುತ್ತದೆ. ಅದು ತೆರೆದಿರುವ ತನಕ ಮಗು ಬೆಳೆಯುತ್ತದೆ, ಮುಚ್ಚಿಕೊಂಡರೆ ಮುಗಿಯಿತು. ನಮ್ಮ ಡಾಕ್ಟರ ಹತ್ತಿರ ಅಮೆರಿಕದ ಮಕ್ಕಳ ಕೈಗಳ ದಪ್ಪ ಪುಸ್ತಕವಿತ್ತು, ವಯಸ್ಸಿಗೊಂದು ಚಿತ್ರ. ಫಿಲ್ಮನ್ನು ಪಕ್ಕದಲ್ಲಿಟ್ಟು ಹೊಂದುವ ಚಿತ್ರ ಹುಡುಕುತ್ತಿದ್ದರು. ಸಿಕ್ಕಿದ್ದು ಮೂಳೆಯ ವಯಸ್ಸು. ಅದನ್ನು ಹುಟ್ಟಿದ ದಿನದಿಂದ ಎಣಿಸಿದ ವಯಸ್ಸಿನ ಪಕ್ಕ ಇಟ್ಟು ನೋಡಬೇಕು. ಎರಡರ ನಡುವೆ ಮೂರು ವರ್ಷದ ಅಂತರವಿದ್ದರೆ ಡಾಕ್ಟರು ಕುರ್ಚಿಯಿಂದ ಏಳುತ್ತಾರೆ, ರಕ್ತ ಪರೀಕ್ಷೆಗೆ ಬರೆಯುತ್ತಾರೆ. ಅಂತರವಿಲ್ಲದಿದ್ದರೆ ಮುಂದಿನ ಪೇಷೆಂಟನ್ನು ಕರೆಯುತ್ತಾರೆ.

ಎಪ್ಪತ್ತನಾಲ್ಕರ ಜುಲೈಯಲ್ಲಿ ತುಂಗಾ ಬಂದಳು. ಅಪ್ಪನಿಗೆ ರಜೆ ಸಿಕ್ಕಿರಲಿಲ್ಲ, ಅಮ್ಮ ಕರೆತಂದಿದ್ದರು, ಅದೂ ಸಿನಿಮಾ ಕಂಪನಿಯ ಕಾರಿನಲ್ಲಿ. ಜೊತೆಗೆ ಬಾಬು. ಮುಂದಿನ ಮೂರು ಚಿತ್ರಗಳಿಗೆ ಅವಳನ್ನು ಗೊತ್ತುಮಾಡುವ ಮೊದಲು ಹುಡುಗಿ ಎಷ್ಟು ದಿನ ಸಣ್ಣಗಿರುತ್ತಾಳೆಂದು ತಿಳಿದುಕೊಳ್ಳುವ ಆಸೆ ಅವನಿಗೆ. ನಾನು ಚೀಟಿ ತೆಗೆದು ಹೆಸರು ಬರೆದೆ. ರೂಢಿಯಂತೆ ಕೇಳಿದೆ: “ವಯಸ್ಸು?”

“ಏಳು” ಎಂದರು ವಿಮಲಾ.

ನಾನು ತಲೆಯೆತ್ತಿ ಅವರ ಮುಖ ನೋಡಿದೆ. ಅವರು ಬಾಬುವಿನ ಕಡೆ ಕಣ್ಣು ಹೊರಳಿಸಿ ಮೆಲ್ಲಗೆ ನಕ್ಕರು. ಚಿತ್ರರಂಗದವರೇ ನಮ್ಮ ಕ್ಲಿನಿಕ್ಕಿನ ಅರ್ಧ ಗಿರಾಕಿಗಳು. ಈಗ ಬೇಡ, ಆಮೇಲೆ ಡಾಕ್ಟರಿಗೆ ಒಳಗೆ ಹೋಗಿ ಹೇಳಿದರಾಯಿತು ಎಂದುಕೊಂಡೆ. ಏಳು ಎಂದು ಬರೆದೆ. ತುಂಗಾಳ ಎಡಗೈಯನ್ನು ಫಿಲ್ಮ್ ಇಟ್ಟ ಕ್ಯಾಸೆಟ್ಟಿನ ಮೇಲಿಟ್ಟು ಬೆರಳು ಅಗಲಿಸಿದೆ. ಆ ಕೈ ತಣ್ಣಗಿತ್ತು.

ಡಾಕ್ಟರು ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿದರು, ಪುಸ್ತಕ ತಿರುವಿದರು, ಏಳು ವರ್ಷದ ಹುಡುಗಿಯ ಪುಟದಲ್ಲಿ ನಿಂತರು. ವಯಸ್ಸು ಏಳು, ಮೂಳೆ ಏಳು, ಇಷ್ಟು ಚೆನ್ನಾಗಿ ಹೊಂದುವುದನ್ನು ನಾನು ನೋಡಿಯೇ ಇಲ್ಲ ಎಂದು ತಮಿಳಿನಲ್ಲಿ ಹೇಳಿ ನಕ್ಕರು. ನಾನು ಬಾಗಿಲಲ್ಲೇ ನಿಂತಿದ್ದೆ. ಬಾಯಿ ತೆರೆಯಲು ಅದೇ ಸಮಯ. ಬಾಬು “ರೊಂಬ ಥ್ಯಾಂಕ್ಸ್ ಸಾರ್” ಎಂದು ಕೈಮುಗಿಯುತ್ತಿದ್ದ. ನನಗೆ ಆದದ್ದು ಹೆದರಿಕೆಯಲ್ಲ, ಮುಲಾಜು. ಹೆದರಿಕೆಯಾದರೂ ಕ್ಷಮಿಸಬಹುದಿತ್ತು.

ಸಂಜೆ ವಿಮಲಾ ನಮ್ಮ ಮನೆಗೆ ಬಂದರು. ಇನ್ನಾದರೂ ಹೇಳೋಣವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಶುರು ಮಾಡಿದರು.

“ನಾನೆಂತ ಸುಳ್ಳು ಹೇಳಿದ್ರೂ ಮೆಶಿನು ಹಿಡೀತದೆ ಅಂತ ಹೆದರಿದ್ದೆ ವಿಶ್ವಣ್ಣ. ಮೆಶಿನೇ ಏಳು ಅಂದಿತಲ್ಲ! ದೇವರೇ ಮಾನ ಕಾಪಾಡಿದ ಬಿಡಿ.”

ಎಕ್ಸ್‌ರೇ ಎಂದರೆ ಅವರಿಗೆ ಸತ್ಯ ಹೇಳುವ ಯಂತ್ರ. ತಾವು ಏನು ಹೇಳಿದರೂ ಅದು ತನ್ನಷ್ಟಕ್ಕೆ ನಿಜ ಹೇಳುತ್ತದೆ, ಮಗಳಿಗೆ ತೊಂದರೆಯಿದ್ದರೆ ಅದೇ ತೋರಿಸುತ್ತದೆ ಎಂದು ನಂಬಿದ್ದರು. ತೋರಿಸಿಯೂ ಇತ್ತು. ಪಕ್ಕದಲ್ಲಿ ನಾನು ಬರೆದ ಸುಳ್ಳು ಅದರ ಬಾಯಿ ಮುಚ್ಚಿಸಿತ್ತು. ಇದನ್ನು ಅವರಿಗೆ ಬಿಡಿಸಿ ಹೇಳಬಲ್ಲವನು ಆ ವಠಾರದಲ್ಲಿ ನಾನೊಬ್ಬನೇ. ಅಷ್ಟರಲ್ಲಿ ಅವರು, ಮುಂದಿನ ವಾರ ಹುಟ್ಟುಹಬ್ಬದ ಸೀನು ಉಂಟು, ಮಕ್ಕಳು ಬೇಕಂತೆ, ಸುಗುಣನನ್ನೂ ಕಳಿಸಿ ಎಂದರು. ನನ್ನ ಹೆಂಡತಿ ಶಾರದಮ್ಮನ ಮುಖ ಅರಳಿತು, ಸುಗುಣಾ ಕುಣಿದಾಡಿದಳು. ನಾಳೆ ಹೇಳೋಣ ಎಂದುಕೊಂಡೆ. ಸೀನು ಮುಗಿಯಲಿ ಎಂದುಕೊಂಡೆ. ಆ ಚಿತ್ರದಲ್ಲಿ ನನ್ನ ಮಗಳು ತುಂಗಾಳಿಗೆ ಕೇಕು ತಿನ್ನಿಸುವ ದೊಡ್ಡಕ್ಕ. ನಾವು ಮೂರು ಸಲ ನೋಡಿದೆವು.

ಆ ವರದಿಯನ್ನು ವಿಮಲಾ ಕಂಪನಿಗಳಿಗೆಲ್ಲ ತೋರಿಸಿದರು. ಡಾಕ್ಟರ ಸಹಿಯಿರುವ ಬಾಲ್ಯ ಯಾರಿಗೆ ಬೇಡ? ಚಿತ್ರಗಳು ಬಂದವು, ಅವರ ಸಂಸಾರ ವಠಾರ ಬಿಟ್ಟು ವಡಪಳನಿಗೆ ಹೋಯಿತು. ವಿಷ್ಣುಮೂರ್ತಿಗಳು ಎದುರಾದಾಗಲೆಲ್ಲ “ನೀವು ಎಕ್ಸ್‌ರೇ ತೆಗೆಸಿದ್ದು ಒಳ್ಳೇದಾಯ್ತು, ನನ್ನ ಮನಸ್ಸಿಗೆ ಸಮಾಧಾನ ಆಯ್ತು” ಎನ್ನುತ್ತಿದ್ದರು. ನಾನು ಬಸ್ಸು ಬಂತೆಂದು ನೆಪ ಹೇಳಿ ಜಾರಿಕೊಳ್ಳುತ್ತಿದ್ದೆ.

ಎಂಬತ್ತರಲ್ಲಿ ಅವರೇ ಅವಳನ್ನು ಕೈಹಿಡಿದು ಮತ್ತೆ ಕ್ಲಿನಿಕ್ಕಿಗೆ ಕರೆತಂದರು. ಹದಿನಾರಾದರೂ ಮೈನೆರೆದಿರಲಿಲ್ಲ. ಹಳೆಯ ಡಾಕ್ಟರು ಹೋಗಿ ಆ ಜಾಗಕ್ಕೆ ಒಬ್ಬ ಹೆಂಗಸು ಬಂದಿದ್ದರು, ಕಟ್ಟುನಿಟ್ಟಿನವರು. ಈ ಸಲ ಯಾರನ್ನೂ ಕೇಳದೆ ಹದಿನಾರು ಎಂದು ಬರೆದೆ. ಮೂಳೆಯ ವಯಸ್ಸು ಹನ್ನೊಂದು ಬಂತು. ರಕ್ತ ಪರೀಕ್ಷೆಯಾಯಿತು. ಥೈರಾಯ್ಡ್. ದಿನಕ್ಕೊಂದು ಮಾತ್ರೆ, ಬಡವರೂ ಕೊಳ್ಳಬಹುದಾದ ಮಾತ್ರೆ. ಹತ್ತು ವರ್ಷಕ್ಕೇ ಶುರು ಮಾಡಿದ್ದರೆ ಎಲ್ಲರಂತೆ ಬೆಳೆಯುತ್ತಿದ್ದಳು, ಮೊದಲು ಯಾರಿಗೂ ತೋರಿಸಲಿಲ್ಲವೇ ಎಂದು ಡಾಕ್ಟರಮ್ಮ ರೇಗಿದರು.

“ತೋರಿಸಿದ್ದೇವೆ ಅಮ್ಮ, ಇಲ್ಲೇ. ಎಲ್ಲ ಸರಿ ಉಂಟು ಅಂದ್ರು” ಎಂದರು ವಿಷ್ಣುಮೂರ್ತಿ.

ಅದು ಹೇಗೆ ಸಾಧ್ಯ ಎಂದು ಆಕೆ ನನ್ನ ಕಡೆ ನೋಡಿದರು. ಆಗಿನ ಡಾಕ್ಟರು ಬೇರೆ ಮೇಡಂ ಎಂದೆ. ಅದೂ ಸುಳ್ಳಲ್ಲ ನೋಡಿ.

ಮಾತ್ರೆ ಶುರುವಾದ ಮೇಲೆ ತುಂಗಾಳಿಗೆ ಬೆವರು ಬಂತು, ಹಸಿವು ಬಂತು, ಸಿಟ್ಟೂ ಬಂತು. ಊದಿದ ಗಲ್ಲ ಇಳಿದು ಅಪ್ಪನ ನೀಳ ಮುಖ ಹೊರಗೆ ಬಂತು. ನಾಲ್ಕು ಅಂಗುಲ ಬೆಳೆದಳು. ಆದರೆ ಮೂಳೆಗಳೂ ಬಾಕಿ ವರ್ಷಗಳನ್ನೆಲ್ಲ ಅವಸರದಲ್ಲಿ ಓಡಿ ಮುಗಿಸಿದವು. ಎಂಬತ್ತಮೂರರಲ್ಲಿ ನಾನು ತೆಗೆದ ಫಿಲ್ಮಿನಲ್ಲಿ ಗೆರೆಗಳೆಲ್ಲ ಮುಚ್ಚಿದ್ದವು. ನಾಲ್ಕಡಿ ನಾಲ್ಕಂಗುಲ. ಮಗುವಿನ ಪಾತ್ರಕ್ಕೆ ಮುಖ ಬಲಿತಿತ್ತು, ಹೆಂಗಸಿನ ಪಾತ್ರಕ್ಕೆ ಮೈ ಸಾಲದು. ತಮಾಷೆಯ ಪಾತ್ರಕ್ಕೆ ಕರೆದ ಬಾಬುವನ್ನು ಬೈದು ಕಳಿಸಿದಳಂತೆ. ಪರದೆಯ ಹಿಂದೆ ನಿಂತು ಮಕ್ಕಳಿಗೆ ಕಂಠದಾನ ಮಾಡುವ ಕೆಲಸ ಹಿಡಿದಳು. ಅಪ್ಪ, ಅಮ್ಮ, ಬಾಡಿಗೆ ಮನೆ, ಎಲ್ಲ ಅವಳ ಗಂಟಲ ಮೇಲೆ ನಡೆಯುತ್ತಿತ್ತು.

ಎಂಬತ್ತಾರರಲ್ಲಿ ಸುಗುಣಾಳ ಮದುವೆ ನಿಶ್ಚಯವಾಯಿತು. ವಡಪಳನಿಗೆ ಲಗ್ನಪತ್ರಿಕೆ ಕೊಡಲು ಹೋದೆ. ವಿಮಲಾ ಕುಂಕುಮ ಹಚ್ಚಿಕೊಂಡು ಪತ್ರಿಕೆ ತೆಗೆದುಕೊಂಡರು, ವರ ಯಾವ ಬ್ಯಾಂಕು ಎಂದು ಕೇಳಿದರು, ಆಮೇಲೆ ಒಳಗೆ ಹೋಗಿ ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ತುಂಗಾ ಬಸ್‌ಸ್ಟಾಪಿನ ತನಕ ನನ್ನ ಜೊತೆ ನಡೆದಳು. ದಾರಿಯಲ್ಲಿ ಜನ ತಿರುಗಿ ನೋಡುತ್ತಿದ್ದರು, ಅವಳು ನೋಡಲಿಲ್ಲ.

ಹನ್ನೆರಡು ವರ್ಷದಿಂದ ಒಳಗಿಟ್ಟುಕೊಂಡಿದ್ದದ್ದು ಅಲ್ಲಿ ಹೊರಗೆ ಬಂತು. ಮಗಳ ಮದುವೆಗೆ ಮುಂಚೆ ಮನಸ್ಸು ಹಗುರ ಮಾಡಿಕೊಳ್ಳುವ ಸ್ವಾರ್ಥ, ಬೇರೇನಲ್ಲ. ಚೀಟಿಯಲ್ಲಿ ಏಳು ಎಂದು ಬರೆದವನು ನಾನೇ ತುಂಗಾ, ನಿನಗೆ ಹತ್ತು ಅಂತ ನನಗೆ ಗೊತ್ತಿತ್ತು, ಎಂದೆ.

“ನಂಗೆ ಗೊತ್ತಿತ್ತು ಮಾಮಾ” ಎಂದಳು ತಮಿಳು ಬೆರೆತ ಕನ್ನಡದಲ್ಲಿ. “ಹತ್ತು ವರ್ಷದ ಹುಡುಗಿಗೆ ತನ್ನ ವಯಸ್ಸು ತೆರಿಯಾದಾ? ನೀವು ಬರೆಯೋದನ್ನ ನೋಡ್ತಾನೇ ಇದ್ದೆ. ನಮ್ಮ ವೀಟ್‌ಗೆ ಬಂದು ಅಪ್ಪಂಗೆ ಹೇಳ್ತೀರಿ ಅಂತ ಒಂದು ವಾರ ಕಾದೆ.”

ಅಮ್ಮನ ಮೇಲೆ ನಿನಗೆ ಕೋಪ ಇಲ್ಲವೇ ಎಂದು ಕೇಳಿದೆ. ತಪ್ಪನ್ನು ಇಬ್ಬರಿಗೆ ಹಂಚಿದರೆ ನನ್ನ ಪಾಲು ಕಡಿಮೆಯಾದೀತೆಂಬ ಆಸೆ ಆಗಲೂ ಇತ್ತು.

ಬಸ್ಸು ಬಂತು. ಹತ್ತಲು ನಾನು ಕಂಬಿ ಹಿಡಿದಾಗ ಅವಳು ತಲೆಯೆತ್ತಿ ನನ್ನ ಮುಖ ನೋಡಿದಳು.

“ಅಮ್ಮಂಗೆ ಎಕ್ಸ್‌ರೇ ಅಂದ್ರೆ ಎಂತ ಅಂತ ಗೊತ್ತಿರಲಿಲ್ಲ ಮಾಮಾ. ನಿಮಗೆ ಗೊತ್ತಿತ್ತು.”

ಮದುವೆಗೆ ಅವಳು ಬರಲಿಲ್ಲ.