ಮಗಳ ಮದುವೆಯ ವಾಲಗ

"ನಿಮ್ಮ ತಂದೆಯೇ ಅಷ್ಟು ದೊಡ್ಡ ನಾದಸ್ವರ ವಿದ್ವಾಂಸರು. ಅಂದ್ಮೇಲೆ ನಿಮ್ಮ ಮದುವೆ ಕ್ಯಾಸೆಟ್ಟೇ ಎಲ್ಲಕ್ಕಿಂತ ಚೆನ್ನಾಗಿರಬೇಕಲ್ವಾ ಅಮ್ಮ?" ದೇವರಾಯಸಮುದ್ರದಲ್ಲಿ ವಿದ್ವಾಂಸರ ಮಗಳೆದುರು ಕೂತು ವಾದ ಹೂಡಿದ್ದೆ. ತೀರಿಹೋದ ಆ ವಿದ್ವಾಂಸರು ಕೋಲಾರ, ಮಾಲೂರಿನ ಮದುವೆಗಳಲ್ಲಿ ನುಡಿಸಿದ ಹಳೇ ಕ್ಯಾಸೆಟ್‌ಗಳನ್ನು ಹುಡುಕಿ ಹೋಲಿಸುವುದು ನನ್ನ ಹುಚ್ಚು.

ಆಕೆ ನಕ್ಕರು. "ಹೆಣ್ಣಿನ ತಂದೆ ಧಾರೆ ಎರೀಬೇಕಲ್ಲಪ್ಪ, ವಾಲಗ ಎಲ್ಲಿ ಊದ್ತಾರೆ? ನನ್ನ ಮದುವೇಲಿ ಊದಿದ್ದು ಬೇರೆಯವರು. ಯಾರ ಮದುವೇದಾದ್ರೂ ಸರಿ, ಅಪ್ಪನ ಮುಹೂರ್ತದ ವಾಲಗ ಹಾಕು."

ಮೊಬೈಲಿನಲ್ಲಿ ಮಾಲೂರಿನ ಯಾರದೋ ಮದುವೆಯದನ್ನು ಹಾಕಿದೆ. ಆಕೆ ಸೆರಗು ಸರಿಮಾಡಿಕೊಂಡು, ಮುಗಿಯುವವರೆಗೂ ತಲೆ ತಗ್ಗಿಸಿ ಕೂತಿದ್ದರು.

ಯಾವ ಕ್ಯಾಸೆಟ್ ಶ್ರೇಷ್ಠ ಎಂದು ನನ್ನಂಥ ಹುಚ್ಚರ ನಡುವೆ ನಡೆಯುವ ಜಗಳದಲ್ಲಿ ಇವತ್ತಿಗೂ ನಾನು ಸೋಲೊಪ್ಪುವುದಿಲ್ಲ. ಆದರೆ ಕೇಳಬೇಕೆಂದು ಜೀವ ಹಂಬಲಿಸುವುದು ಅವರು ನುಡಿಸದೇ ಹೋದ ಆ ಒಂದು ಮುಹೂರ್ತವನ್ನೇ.